ದ್ರಾಕ್ಷಿ ನೋಡಲು ಆರು ದಿನದ ರಜೆ

ಕೆಲಸವಿದ್ದು ಊರು ಬಿಟ್ಟು ಹೋಗುವವನನ್ನು ನಮ್ಮ ಕಡೆ ಯಾರೂ ಏನೂ ಕೇಳುವುದಿಲ್ಲ. ಕೆಲಸವಿಲ್ಲದೆ ಸುಮ್ಮನೆ ಹೋಗಿ ಬರುತ್ತೇನೆ ಅಂದವನಿಗೆ ಮಾತ್ರ ಊರೇ ಕೂಡಿ ಒಂದು ಕಾರಣ ಹುಡುಕಿಕೊಡುತ್ತದೆ. ಇದು ನನಗೆ ತಿಳಿದದ್ದು ಮುಂಬೈ ರಾಜ್ಯದ ಕಾಲದಲ್ಲಿ. ಆಗ ನಾನು ಜಮಖಂಡಿಯಲ್ಲಿ ಒಂದು ಸರಕಾರಿ ಕಚೇರಿಯ ಕಾರಕೂನ. ಹೆಂಡತಿಯನ್ನು ಕರೆದುಕೊಂಡು ನಾಸಿಕಕ್ಕೆ ಹೋಗಿ, ದ್ರಾಕ್ಷಿ ತೋಟ ನೋಡಿ, ಎರಡು ದಿನ ಇದ್ದು ಬರುವುದೆಂದು ಗೊತ್ತುಮಾಡಿದ್ದೆ. ಅಷ್ಟೇ ನಾನು ಮಾಡಿದ್ದು.

೧. ಜಡ್ಡಿನವರ ಹಣ್ಣು

ಆ ಕಾಲದಲ್ಲಿ ನಮ್ಮಲ್ಲಿ ದ್ರಾಕ್ಷಿ ಅಂದರೆ ಹಣ್ಣಲ್ಲ, ಔಷಧ. ಯಾರದಾದರೂ ಮನೆಯ ಮುಂದಿನ ಕಸದಲ್ಲಿ ದ್ರಾಕ್ಷಿಯ ತೊಟ್ಟು ಕಂಡರೆ ಹಾದುಹೋಗುವವರು ನಿಂತು, "ಯಾರು ಮಲಗ್ಯಾರ್ರಿ?" ಎಂದು ಕೇಳುತ್ತಿದ್ದರು.

ನಮ್ಮ ಮನೆಯಲ್ಲಿ ಮಲಗಿದ್ದವಳು ನನ್ನ ಹೆಂಡತಿ. ಆ ವರ್ಷ ಚಳಿಗಾಲದಲ್ಲಿ ಇಪ್ಪತ್ತೊಂದು ದಿನದ ಮುದ್ದತ್ತಿನ ಜ್ವರ, ಅಂದರೆ ಟೈಫಾಯಿಡ್, ಬಂದು, ಇಪ್ಪತ್ತೊಂದಕ್ಕೂ ನಿಲ್ಲದೆ ಮುಂದುವರಿಯಿತು. ಅವಳು ಬೀಳಗಿ ತಾಲೂಕಿನ ಬಾಡಗಂಡಿಯ ಒಕ್ಕಲುತನದ ಮನೆಯ ಮಗಳು. ಹಾಸಿಗೆ ಹಿಡಿದವಳೇ ಅಲ್ಲ. ಒಂದು ದಿನ ಡಾಕ್ಟರು ಕೈ ತೊಳೆದುಕೊಳ್ಳುತ್ತ ನನ್ನ ಮುಖ ನೋಡದೆ, "ಏನು ತಿನ್ನಬೇಕು ಅಂತಾರೋ ಕೊಡ್ರಿ" ಅಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಾಗಬಾರದೆಂದು ಹೊರಗೆ ಹೋಗಿ ಬಾವಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬಂದೆ.

ಮಿರಜಕ್ಕೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ ನಾಸಿಕದ ದ್ರಾಕ್ಷಿ ತರಿಸಿದೆ. ಕಾಗದದ ಚೂರುಗಳ ನಡುವೆ ಸಣ್ಣ ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸಿದ್ದರು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಕೇಳಿದಳು:

"ಇವು ಗಿಡದಾಗ ಬಿಡತಾವೋ, ಬಳ್ಳ್ಯಾಗೋ?"

"ಬಳ್ಳ್ಯಾಗ."

"ಬಳ್ಳಿ ಚಪ್ಪರ ಏರತೈತೋ, ನೆಲದ ಮ್ಯಾಲ ಹಬ್ಬತೈತೋ?"

ನಾನು ಕಾರಕೂನ. ಗೊತ್ತಿಲ್ಲ ಎಂದು ಹೇಳುವ ರೂಢಿ ಇಲ್ಲ. "ನೆಲದ ಮ್ಯಾಲ. ಸೌತಿಕಾಯಿ ಹಂಗ" ಅಂದೆ.

ಅವಳು ಇನ್ನೊಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೆಲದ ಮ್ಯಾಲ ಬಿಟ್ಟಿದ್ದರ ಒಂದ ಕಡೆ ಮಣ್ಣಿನ ಕಲಿ ಇರಬೇಕಿತ್ತು. ಇದು ಸುತ್ತೂ ಒಂದ ಥರ ಐತಿ. ನಿಮಗೂ ಗೊತ್ತಿಲ್ಲ ಬಿಡ್ರಿ. ನಾ ಎದ್ದರ ಇಬ್ಬರೂ ಹೋಗಿ ನೋಡೂಣು."

"ಎದ್ದರ ಅಲ್ಲ, ಎದ್ದಮ್ಯಾಲ" ಅಂದೆ. ಮಾತು ಕೊಟ್ಟೆ. ಅವಳು ಎದ್ದಳು. ಎದ್ದ ನಾಲ್ಕನೆಯ ದಿನ ಕೇಳಿದ ಮೊದಲ ಮಾತು, "ರಜಾ ಅರ್ಜಿ ಬರದೀರೇನು?"

೨. ಕಾರಣದ ರಕಾನೆ

ಜಮಖಂಡಿ ಸಂಸ್ಥಾನವಿದ್ದಾಗ ರಜೆ ಬಾಯಿಮಾತಿನಲ್ಲಿ ನಡೆಯುತ್ತಿತ್ತು. "ಊರಿಗಿ ಹೋಗಿ ಬರತೀನ್ರಿ" ಅಂದರೆ "ಹೂಂ" ಅನ್ನುತ್ತಿದ್ದರು. ಸಂಸ್ಥಾನ ಹೋಗಿ ಮುಂಬೈ ರಾಜ್ಯ ಬಂದಮೇಲೆ ರಜೆಗೊಂದು ಫಾರ್ಮು ಬಂತು. ಫಾರ್ಮಿನಲ್ಲಿ ರಕಾನೆಗಳು, ಅಂದರೆ ತುಂಬಬೇಕಾದ ಕಾಲಮ್ಮುಗಳು, ಬಂದವು. ನಾಲ್ಕನೆಯ ರಕಾನೆ, ರಜೆಯ ಕಾರಣ. ನಾನು ಅದರಲ್ಲಿ ಪ್ರಾಮಾಣಿಕವಾಗಿ "ದ್ರಾಕ್ಷಿ ನೋಡುವುದು" ಎಂದು ಬರೆದೆ.

ನಮ್ಮ ಹಿರಿಯ ಕಾರಕೂನರು ಸಂಸ್ಥಾನದ ಕಾಲದಿಂದ ಬಂದವರು. ಹೊಸ ನಿಯಮಗಳನ್ನು ಮುಪ್ಪಿನಲ್ಲಿ ಕಲಿತವರಾದ್ದರಿಂದ ಒಂದನ್ನೂ ಬಿಡುತ್ತಿರಲಿಲ್ಲ. ಅರ್ಜಿ ಓದಿ ಕನ್ನಡಕ ತೆಗೆದಿಟ್ಟರು.

"ಇದು ಕಾರಣ ಅಲ್ಲ."

"ಮತ್ತ ಯಾವದು ಕಾರಣ ಆಗತೈತ್ರಿ ಸಾಹೇಬ್ರ?"

"ಮದಿವಿ, ಮರಣ, ಬಾಣಂತನ, ಜಡ್ಡು. ಈ ನಾಲ್ಕರಾಗ ಒಂದು ಹೇಳ್ರಿ."

"ನನ್ನ ಹೆಂಡತಿಗಿ ಜಡ್ಡಾಗಿತ್ತಲ್ಲರಿ."

"ಆವಾಗ ಕೇಳಿದ್ದರ ಕೊಡತಿದ್ದೆ. ಈಗ ಆರಾಮ ಆಗ್ಯಾರಲ್ಲ."

"ಆರಾಮ ಆಗ್ಯಾಳಂತನ ಹೊಂಟೀವ್ರಿ."

ಅವರು ಕೆಟ್ಟ ಮನುಷ್ಯರಲ್ಲ. ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿದರು. ಕೊನೆಗೆ ಬೇಸರದಿಂದ, "ಆರಾಮ ಆದವರಿಗೆ ಸರಕಾರ ಏನೂ ಬರದಿಲ್ಲ ನೋಡ್ರಿ" ಅಂದರು. ಆಮೇಲೆ ತಾವೇ ಒಂದು ದಾರಿ ಹುಡುಕಿ, ನನ್ನ ಅಕ್ಷರ ಹೊಡೆದು "ಹೆಂಡತಿಯ ಹವಾ ಬದಲಿ" ಎಂದು ಬರೆದರು. ಡಾಕ್ಟರರ ಚೀಟಿ ಲಗತ್ತಿಸಿ ಮೇಲಕ್ಕೆ ಕಳಿಸಿದೆವು.

ಹತ್ತು ದಿನಕ್ಕೆ ಕಾಗದ ತಿರುಗಿ ಬಂತು. ಬದಿಯಲ್ಲಿ ಕೆಂಪು ಮಸಿಯಲ್ಲಿ ಒಂದು ಪ್ರಶ್ನೆ: "ಹವೆ ಬದಲಾಗಬೇಕಾದದ್ದು ಹೆಂಡತಿಯದಾದ್ದರಿಂದ ಅರ್ಜಿದಾರರು ಹೋಗುವ ಅಗತ್ಯವೇನು?"

ಬೇರೆ ಏನೂ ತೋಚದೆ ನಾನು ಅದರ ಕೆಳಗೆ "ಲಗೇಜು ಹೊರಲು" ಎಂದು ಬರೆದೆ. ಮೂರನೆಯ ದಿನಕ್ಕೆ ಆದೇಶ ಬಂತು: "ಲಗೇಜು ಹೊರಲು ಆರು ದಿನ ಮಂಜೂರು."

೩. ಯಾರು ಹೋದರು

ನಮ್ಮ ಓಣಿಯಿಂದ ನಾಸಿಕಕ್ಕೆ ಅಲ್ಲಿಯವರೆಗೆ ಹೋದವರೆಲ್ಲ ಅಸ್ಥಿ ಬಿಡಲು ಹೋದವರೇ. ಗೋದಾವರಿಯಲ್ಲಿ ಬಿಟ್ಟು, ಕೂದಲು ತೆಗೆಸಿಕೊಂಡು ಬರುತ್ತಿದ್ದರು. ಹಾಗಾಗಿ ನಾವು ನಾಸಿಕಕ್ಕೆ ಹೊರಟಿದ್ದೇವೆಂಬ ಸುದ್ದಿ ಪಕ್ಕದ ಮನೆಯ ಅಕ್ಕನ ಕಿವಿಗೆ ಬಿದ್ದಾಗ ಅವಳು ಕಾರಣ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ನಾನು ಕಚೇರಿಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕಂಡದ್ದು ಹೀಗೆ: ಪಡಸಾಲೆಯಲ್ಲಿ ಪಕ್ಕದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾಳೆ. ನನ್ನ ಹೆಂಡತಿ ಅವಳ ಕೊರಳು ಹಿಡಿದುಕೊಂಡು ಅಳುತ್ತಿದ್ದಾಳೆ. ಬಾಡಗಂಡಿಯಲ್ಲಿ ಏನಾದರೂ ಆಯಿತೇನೋ ಎಂದು ಚಪ್ಪಲಿ ಕಳಚದೆ ಒಳಗೆ ಬಂದೆ.

"ಏನಾತು? ಯಾರಿಗೇನಾತು?"

ಹೆಂಡತಿ ಕಣ್ಣೊರೆಸಿಕೊಂಡು, "ಅಕ್ಕಾರ ಮನ್ಯಾಗ ಯಾರೋ ತೀರಿಕೊಂಡಾರಂತ" ಅಂದಳು.

ಅಕ್ಕ ತಟ್ಟನೆ ಅಳು ನಿಲ್ಲಿಸಿದಳು. "ನಮ್ಮ ಮನ್ಯಾಗ? ನಮ್ಮನ್ಯಾಗ ಯಾಕ ತೀರಕೊಳ್ಳತಾರ? ನಿಮ್ಮ ಮನ್ಯಾಗಲ್ಲೇನು?"

ವಿಚಾರಿಸಿದರೆ ಆದದ್ದು ಇಷ್ಟೇ. ಅಕ್ಕ ನಮಗೆ ಸಮಾಧಾನ ಹೇಳಲು ಅಳುತ್ತ ಬಂದಿದ್ದಳು. ಇವಳು ಅವಳಿಗೆ ಸಮಾಧಾನ ಹೇಳಲು ಅಳತೊಡಗಿದ್ದಳು. ತೀರಿಕೊಂಡವರ ಹೆಸರು ಕೇಳುವುದು ಸರಿಯಲ್ಲವೆಂದು ಇಬ್ಬರೂ ಕೇಳಿರಲಿಲ್ಲ. ಅರ್ಧ ಗಂಟೆ ಇಬ್ಬರೂ ಯಾರೂ ಸಾಯದೆ ಅತ್ತಿದ್ದರು.

ಅಕ್ಕ ಹೋದಮೇಲೆ ನಾನು ನಗುತ್ತಿದ್ದರೆ ನನ್ನ ಹೆಂಡತಿ ನಗಲಿಲ್ಲ. ರೊಟ್ಟಿ ಬಡಿಸುತ್ತ, "ಅತ್ತಿದ್ದು ಛಲೋ ಆತು ಬಿಡ್ರಿ. ಜ್ವರದಾಗ ನೀವು ಹೆದರತೀರಂತ ಅಳೂದು ತಡಕೊಂಡಿದ್ದೆ. ಅದು ಹಂಗ ಉಳದಿತ್ತು" ಅಂದಳು.

ಪಕ್ಕದ ಅಕ್ಕ ಮಾತ್ರ ಒಂದು ವಾರ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಬಾವಿಯ ಹತ್ತಿರ ಎಲ್ಲರಿಗೂ ಹೇಳುತ್ತಿದ್ದಳಂತೆ: "ಯಾರೂ ಸತ್ತಿಲ್ಲ ಅಂತ ಮದಲ ಹೇಳಬಾರದೇನು? ಒಲಿ ಮ್ಯಾಲ ಹಾಲು ಇಟ್ಟು ಹೋಗಿದ್ದೆ. ಎಲ್ಲಾ ಉಕ್ಕಿ ಹೋತು."

೪. ಹಾದಿ ಬಲ್ಲವರು

ನಾಸಿಕದ ಹಾದಿ ಕೇಳಲು ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಹೋದೆ. ಅವರು ನೂಲಿನ ಗಂಟುಗಳನ್ನು ಇಳಿಸಿಕೊಳ್ಳಲು ವಾರಕ್ಕೆರಡು ಸಲ ಕುಡಚಿ ರೈಲು ಸ್ಟೇಶನ್ನಿಗೆ ಹೋಗುವವರು. ರೈಲಿನ ವಿಷಯದಲ್ಲಿ ಅವರ ಮಾತೇ ಕೊನೆಯದು ಎಂದು ರಬಕವಿ ಬನಹಟ್ಟಿಗಳಲ್ಲಿ ಎಲ್ಲರೂ ಒಪ್ಪಿದ್ದರು.

ಅವರು ಗಾದಿಯ ಮೇಲೆ ಕುಳಿತು, ಕಣ್ಣು ಅರ್ಧ ಮುಚ್ಚಿ ಹೇಳತೊಡಗಿದರು. "ಕುಡಚಿಯಾಗ ಎಡಗಡೆ ಡಬ್ಬಿ ಹಿಡೀರಿ, ಬಿಸಲು ಬರೂದಿಲ್ಲ. ಮಿರಜದಾಗ ಚಹಾ ಕುಡೀರಿ, ಮುಂದ ಛಲೋ ಚಹಾ ಸಿಗೂದಿಲ್ಲ. ಪುಣೆದಾಗ ಇಳದು ಸೇತುವಿ ಏರೂ ಮುಂದ ಮೂರನೇ ಮೆಟ್ಟಲ ನೋಡಿಕೊಂಡು ಕಾಲಿಡ್ರಿ, ಒಡದೈತಿ. ಹೊರಗ ಬಂದು ಸರಕಾರಿ ಎಸ್ಟಿ ಬಸ್ಸು. ಡ್ರೈವರನ ಹಿಂದಿನ ಸೀಟು ಬ್ಯಾಡ, ಘಾಟಿನ್ಯಾಗ ಹೆದರಿಕಿ ಆಗತೈತಿ."

ನಾನು ಎಲ್ಲವನ್ನೂ ಬರೆದುಕೊಂಡೆ. ಇಷ್ಟು ತಿರುಗಾಡಿದ ಮನುಷ್ಯನ ಮುಂದೆ ನಾನು ಬರೀ ಕಾಗದ ನೋಡಿ ಜೀವ ಸವೆಸಿದೆನಲ್ಲ ಎಂದು ನಾಚಿಕೆಯೂ ಆಯಿತು.

"ನೀವು ನಾಸಿಕಕ್ಕ ಎಷ್ಟು ಸಲ ಹೋಗೀರ್ರಿ?" ಎಂದು ಕೇಳಿದೆ.

"ನಾನು?" ಅವರು ಕಣ್ಣು ತೆರೆದರು. "ನಾ ಕುಡಚಿ ದಾಟಿಲ್ಲರಿ."

"ಮತ್ತ ಇದೆಲ್ಲಾ?"

"ಇಳದವರು ಹೇಳತಾರ. ಮೂವತ್ತು ವರ್ಷದಿಂದ ಕೇಳಾಕತ್ತೀನಿ."

"ಒಮ್ಮಿ ಹತ್ತಿ ನೋಡಬೇಕು ಅನಿಸಿಲ್ಲೇನ್ರಿ?"

ಅವರು ಹೊರಗೆ ಮಗ್ಗಗಳ ಸದ್ದಿನ ಕಡೆಗೆ ನೋಡಿದರು. ಅನಿಸಿದೆ ಎಂದು ಮುಖವೇ ಹೇಳಿತು. ಆದರೆ ಬಾಯಿ ಹೇಳಿದ್ದು ಬೇರೆ: "ನಾನೂ ಹೋಗಿಬಿಟ್ಟರ ಹಾದಿ ಹೇಳಾಕ ಇಲ್ಲಿ ಯಾರಿರತಾರ್ರಿ?"

ಪುಣೆಯ ಸ್ಟೇಶನ್ನಿನಲ್ಲಿ ಮೂರನೆಯ ಮೆಟ್ಟಿಲು ಒಡೆದದ್ದು ಖರೆ ಇತ್ತು.

೫. ಸೀಸೆ

ಅದೇ ವ್ಯಾಪಾರಿ ನಾನು ಏಳುವಾಗ ಒಂದು ಖಾಲಿ ಸೀಸೆ ನನ್ನ ಚೀಲಕ್ಕೆ ಹಾಕಿದರು. ದನಿ ತಗ್ಗಿಸಿ, "ಬರೂಮುಂದ ಸ್ವಲ್ಪ ತರ್ರಿ" ಅಂದರು.

"ಏನು?"

"ಅದ. ದ್ರಾಕ್ಷಿದು."

ಮುಂಬೈ ರಾಜ್ಯದಲ್ಲಿ ಆಗ ದಾರೂಬಂದಿ, ಅಂದರೆ ಪಾನನಿಷೇಧ. ಇಲ್ಲಿ ಹೇಗೋ ನಾಸಿಕದಲ್ಲೂ ಹಾಗೇ ಎಂದು ತಿಳಿಸಿ ಹೇಳಿದೆ. ಅವರು ನಂಬಲಿಲ್ಲ.

"ಹಂಗಾರ ಅಷ್ಟೊಂದು ದ್ರಾಕ್ಷಿ ಬೆಳದು ಏನ ಮಾಡತಾರ್ರಿ?"

"ತಿಂತಾರು."

"ಬರೇ ತಿಂತಾರು?" ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದನ್ನ ನೋಡಾಕ ಇಷ್ಟು ದೂರ ಹೊಂಟೀರಿ?"

ಸೀಸೆ ತಿರುಗಿ ಕೊಡಲು ಮರೆತು ಊರಿಗೆ ಮರಳುವ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಬಂದು ಕುಳಿತವರು ನಮ್ಮೂರಿನ ದಾರೂಬಂದಿ ಪ್ರಚಾರದ ಹಿರಿಯರು. ಬಿಳಿ ಟೊಪ್ಪಿಗೆ, ಬಿಳಿ ಮೀಸೆ. ದ್ರಾಕ್ಷಿಯ ಊರಿಗೆ ಹೊರಟವನೆಂದು ನನ್ನ ಬಗ್ಗೆ ಅವರಿಗೆ ಮೊದಲೇ ಸಂಶಯ. ಬಸ್ಸು ಗುಂಡಿಗೆ ಬಿದ್ದು ಎದ್ದಾಗ ಚೀಲದಿಂದ ಸೀಸೆ ಉರುಳಿ ಅವರ ಕಾಲಿಗೆ ತಾಕಿತು.

ಅವರು ಎತ್ತಿಕೊಂಡು ಬಿರಡೆ ತೆಗೆದು ಮೂಸಿ ನೋಡಿದರು. ಮುಖ ಕಿವುಚಿತು. ಮತ್ತೊಮ್ಮೆ ಮೂಸಿದರು.

"ಮಗ್ಗಕ್ಕ ಹಾಕೂ ಔಡಲ ಎಣ್ಣಿ ಸೀಸೆ ಐತ್ರಿ ಅದು" ಅಂದೆ.

ಅವರು ಬಿರಡೆ ಬಿಗಿಯಾಗಿ ಹಾಕಿ ಆ ಹರಳೆಣ್ಣೆಯ ಸೀಸೆಯನ್ನು ಗೌರವದಿಂದ ನನ್ನ ಕೈಗೆ ಕೊಟ್ಟರು. "ಇದನ್ನ ಬೇಕಾದಷ್ಟು ಕುಡೀರಿ. ನಂದೇನೂ ಅಡ್ಡಿ ಇಲ್ಲ."

೬. ಕೋಣಕ್ಕೆ ಜಡ್ಡು

ಹೊರಡುವ ಹಿಂದಿನ ದಿನ ನಮ್ಮಿಬ್ಬರ ಪ್ರವಾಸಕ್ಕೆ ಮೂರನೆಯವರೊಬ್ಬರು ಸೇರಿಕೊಂಡರು. ಅವರ ಕಥೆಯನ್ನು ಮುಂದೆ ಹೇಳುತ್ತೇನೆ. ನಾಸಿಕ ಮುಟ್ಟಿದ ದಿನ ಅವರು ಧರ್ಮಶಾಲೆಯಲ್ಲಿ ಮಲಗಿ ದಣಿವಾರಿಸಿಕೊಳ್ಳುತ್ತಿದ್ದರು. ನಾವಿಬ್ಬರು ಟಾಂಗಾ ಮಾಡಿಕೊಂಡು ಊರ ಹೊರಗಿನ ದ್ರಾಕ್ಷಿ ತೋಟಕ್ಕೆ ಹೋದೆವು.

ಬಳ್ಳಿ ಚಪ್ಪರದ ಮೇಲಿತ್ತು. ನನ್ನ ಹೆಂಡತಿ ಚಪ್ಪರದ ಕೆಳಗೆ ಹೋಗಿ ತಲೆ ಎತ್ತಿ ನಿಂತಳು. ಸುತ್ತಲೂ ಗೊಂಚಲು. ಎಲೆಗಳ ಸಂದಿಯಿಂದ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ಜ್ವರ ಹೋದಮೇಲೆ ಉದುರಿ ಹೊಸದಾಗಿ ಬಂದ ಕೂದಲು ಹಣೆಯ ಮೇಲೆ ಸಣ್ಣಗೆ ಎದ್ದು ನಿಂತಿತ್ತು. ಅವಳು ಒಂದು ಗೊಂಚಲಿಗೆ ಕೈ ತಾಗಿಸಿದಳು, ಕೀಳಲಿಲ್ಲ.

"ಪೆಟ್ಟಿಗ್ಯಾಗ ಮಲಗಿ ಬಂದಾಗ ಇವೂ ನನ್ನಂಗ ಜಡ್ಡು ಬಿದ್ದಾವು ಅನಿಸಿತ್ತು. ಇಲ್ಲೆ ಎಷ್ಟು ಆರಾಮ ಅದಾವು ನೋಡ್ರಿ" ಅಂದಳು.

ಅಷ್ಟರಲ್ಲಿ ತೋಟದ ಮಾಲೀಕ ಬಂದ. ಮರಾಠಿ ಮನುಷ್ಯ. ಅಷ್ಟು ದೂರದಿಂದ ದ್ರಾಕ್ಷಿಗೆಂದೇ ಬಂದಿದ್ದೇವೆ ಅಂದದ್ದಕ್ಕೆ ಅವನಿಗೂ ನಮ್ಮೂರವರಿಗೆ ಬಂದ ಪ್ರಶ್ನೆಯೇ ಬಂತು. ಯಾರಿಗೆ ಜಡ್ಡಾಗಿದೆ ಎಂದು ತನ್ನ ಭಾಷೆಯಲ್ಲಿ ಕೇಳಿದ: "ಕೋಣ ಆಜಾರೀ ಆಹೇ?"

ನನ್ನ ಹೆಂಡತಿಗೆ ಮರಾಠಿ ಬರುವುದಿಲ್ಲ. ಯಾರು ಅನ್ನುವುದಕ್ಕೆ ಮರಾಠಿಯಲ್ಲಿ ಕೋಣ ಅನ್ನುತ್ತಾರೆ ಎಂದೂ ಗೊತ್ತಿಲ್ಲ. ಬಾಡಗಂಡಿಯಲ್ಲಿ ದನಕರುಗಳ ನಡುವೆ ಬೆಳೆದವಳು. ಕೂಡಲೇ ಗೊಂಚಲು ಬಿಟ್ಟು ಅವನ ಕಡೆ ತಿರುಗಿದಳು.

"ಕ್ವಾಣಕ್ಕ ಜಡ್ಡಂತೇನ್ರಿ? ಪಾಪ. ಎಷ್ಟು ದಿನ ಆತು? ಮೇವು ತಿಂತೈತೇನು? ನಾಲಿಗಿ ನೋಡೀರೇನು?"

ನಾನು ನಕ್ಕು ಮಾಲೀಕನಿಗೆ ವಿವರಿಸಿದೆ. ಅವನು ನಗಲಿಲ್ಲ. ತನ್ನಲ್ಲಿ ಕೋಣವಿಲ್ಲ, ಆದರೆ ಒಂದು ಎತ್ತು ಎರಡು ದಿನದಿಂದ ಮೇವು ಮುಟ್ಟಿಲ್ಲ, ಈ ತಾಯಿ ನಾಲಿಗೆಯ ಬಗ್ಗೆ ಏನಂದರು ಎಂದು ಕೇಳಿದ. ನಾನು ನಡುವೆ ನಿಂತು ಅತ್ತಿಂದಿತ್ತ ಹೇಳಿದೆ. ಇವಳು ಸೆರಗು ಸಿಕ್ಕಿಸಿಕೊಂಡು ಹೋಗಿ ಎತ್ತಿನ ಬಾಯಿ ತೆರೆಸಿ, ನಾಲಿಗೆಯ ಬುಡದಲ್ಲಿ ಮುರಿದಿದ್ದ ಜಾಲಿ ಮುಳ್ಳು ಕಿತ್ತು ತೆಗೆದಳು.

ಅವನು ಒಂದು ಬುಟ್ಟಿ ದ್ರಾಕ್ಷಿ ಕೊಟ್ಟ. ಬೇಡವೆಂದರೂ ಬಿಡಲಿಲ್ಲ. ಕಳಿಸಿಕೊಡುವಾಗ ನನ್ನನ್ನು ಬದಿಗೆ ಕರೆದು ಕೇಳಿದ: "ಬಾಯಿಸಾಹೇಬರು ದನದ ಡಾಕ್ಟರು ಅಂತ ತಿಳೀತು. ತಾವು ಅವರಲ್ಲಿ ಏನು ಕೆಲಸ ಮಾಡ್ತೀರಿ?"

ಬುಟ್ಟಿ ನನ್ನ ತಲೆಯ ಮೇಲಿತ್ತು. "ಲಗೇಜು ಹೊರತೀನ್ರಿ" ಅಂದೆ.

೭. ಮಾಸ್ತರರ ಅಣ್ಣ

ಮೂರನೆಯವರು ನಮ್ಮ ಓಣಿಯ ಕೊನೆಯ ಮನೆಯ ಮಾಸ್ತರರು. ಶಾಲೆಯ ಕೆಲಸದಿಂದ ನಿವೃತ್ತರಾದವರು, ಮಾತು ಕಡಿಮೆ. ನಾನು ಆ ಓಣಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಅವರ ಬಗ್ಗೆ ಕೇಳಿದ್ದು ಒಂದೇ ಸಂಗತಿ: ಪಕ್ಕದಲ್ಲೇ ಇದ್ದ ಸ್ವಂತ ಅಣ್ಣನೊಡನೆ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರು. ಅಣ್ಣನಿಗೆ ಮಕ್ಕಳಿರಲಿಲ್ಲ. ಅವನು ತೀರಿಕೊಂಡಾಗ ಕೊಳ್ಳಿ ಇಟ್ಟವರು ಇವರೇ. ಅಸ್ಥಿಯ ತಂಬಿಗೆ ಮೂರು ವರ್ಷದಿಂದ ಇವರ ಹಿತ್ತಲಿನ ಬೇವಿನ ಗಿಡದಲ್ಲಿ ತೂಗುತ್ತಿತ್ತು. ಒಮ್ಮೆ ಮಳೆ, ಒಮ್ಮೆ ಮೊಳಕಾಲು ನೋವು, ಒಮ್ಮೆ ಮೊಮ್ಮಗಳ ಪರೀಕ್ಷೆ. ಹೋಗುವುದೇ ಆಗಿರಲಿಲ್ಲ.

ಹೊರಡುವ ಹಿಂದಿನ ದಿನ ಬಟ್ಟೆ ಕಟ್ಟಿದ ಆ ತಂಬಿಗೆ ಹಿಡಿದು ನಮ್ಮ ಮನೆಗೆ ಬಂದರು. "ನೀವು ಹೆಂಗೂ ಹೊಂಟೀರಿ. ಇದೊಂದು ಬಿಟ್ಟು ಬರ್ರಿ."

ದ್ರಾಕ್ಷಿ ನೋಡಲು ಹೊರಟವನ ಕೈಗೆ ಅಸ್ಥಿ. ಬೇಡವೆಂದು ಹೇಗೆ ಹೇಳಲಿ. ನನ್ನ ಹೆಂಡತಿ ತಂಬಿಗೆಯನ್ನೂ ಮಾಸ್ತರರನ್ನೂ ನೋಡಿದಳು.

"ನಿಮ್ಮ ಅಣ್ಣಾರನ್ನ ಮಂದಿ ಕೈಯಾಗ ಕೊಟ್ಟು ಯಾಕ ಕಳಸತೀರ್ರಿ? ನೀವ ಬರ್ರಿ."

"ನನ್ನ ಮೊಳಕಾಲು ಏಳೂದಿಲ್ಲ ತಂಗಿ. ಗಂಟು ಎತ್ತೂದು ಆಗೂದಿಲ್ಲ."

"ಗಂಟು ಹೊರಾಕ ನಮ್ಮವರು ಬರಾಕತ್ತಾರಲ್ಲರಿ. ಸರಕಾರದಿಂದ ಮಂಜೂರಾಗೈತಿ."

ಬಂದರು. ಹಾದಿಯುದ್ದಕ್ಕೂ ತಂಬಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ತೇರದಾಳದ ಹತ್ತಿರ ಬಸ್ಸಿನಲ್ಲಿ ಒಬ್ಬ ಆಸೆಯಿಂದ, "ತುಪ್ಪ ಏನ್ರಿ?" ಎಂದು ಕೇಳಿದ. ಮಾಸ್ತರರು, "ಅಲ್ಲ. ನಮ್ಮಣ್ಣ" ಅಂದರು. ಆ ಮನುಷ್ಯ ಎದ್ದು ಕುಡಚಿಯವರೆಗೆ ನಿಂತುಕೊಂಡೇ ಬಂದ.

ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವರು ಆಗಾಗ ತುಟಿ ಅಲುಗಿಸುತ್ತಿದ್ದರು. ಜಪವೆಂದು ತಿಳಿದಿದ್ದೆ. ಹತ್ತಿರ ಕುಳಿತಿದ್ದ ನನ್ನ ಹೆಂಡತಿ ಮೆಲ್ಲಗೆ, "ಜಪ ಅಲ್ಲರಿ. ಹೊಲ ಬಂತು, ಹೊಳಿ ಬಂತು ಅಂತ ಅಣ್ಣಾರಿಗೆ ತೋರಸಾಕತ್ತಾರ" ಅಂದಳು. ಮೂರು ವರ್ಷ ಹೋಗುವುದು ಯಾಕೆ ಆಗಿರಲಿಲ್ಲ ಎಂದು ಆಗ ನನಗೆ ಸ್ವಲ್ಪ ತಿಳಿಯಿತು.

ಎರಡನೆಯ ದಿನ ಬೆಳಿಗ್ಗೆ ಗೋದಾವರಿಯ ಮೆಟ್ಟಿಲುಗಳ ಮೇಲೆ ಭಟ್ಟರು ಮಂತ್ರ ಮುಗಿಸಿ, ತಂಬಿಗೆ ಬಗ್ಗಿಸಿರಿ ಎಂದು ಕೈಸನ್ನೆ ಮಾಡಿದರು. ಮಾಸ್ತರರು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದರು. ತಂಬಿಗೆ ಬಗ್ಗಲಿಲ್ಲ. ಭಟ್ಟರು ಎರಡನೆಯ ಸಲ ಹೇಳಿದರು. ಹಿಂದೆ ನಿಂತಿದ್ದವರು ಗೊಣಗತೊಡಗಿದರು.

"ತಡೀರಿ. ಒಂದು ಮಾತು ಉಳದದ" ಅಂದರು ಮಾಸ್ತರರು.

ತಂಬಿಗೆಯನ್ನು ಬಾಯಿಯ ಹತ್ತಿರ ತಂದುಕೊಂಡು, ಕಿವಿಯಲ್ಲಿ ಹೇಳುವವರ ಹಾಗೆ, ಆದರೆ ನಮಗೆಲ್ಲ ಕೇಳುವಂತೆ ಹೇಳಿದರು: "ಅಣ್ಣಾ, ಗ್ವಾಡಿ ನಂದ."

ಆಮೇಲೆ ಬಗ್ಗಿಸಿದರು. ನೀರು ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಅದು ಕಾಣದಾಗುವವರೆಗೂ ಅವರು ನೋಡುತ್ತ ನಿಂತರು. ಕಣ್ಣಲ್ಲಿ ಧಾರೆ. ನನ್ನ ಹೆಂಡತಿ ಮೊಳಕೈ ಹಿಡಿದು ಮೇಲೆ ಹತ್ತಿಸಿ ಕಟ್ಟೆಯ ಮೇಲೆ ಕೂಡಿಸಿದಳು. ಹಿಂದಿನ ದಿನದ ಬುಟ್ಟಿಯಿಂದ ನಾಲ್ಕು ದ್ರಾಕ್ಷಿ ಕೈಗೆ ಕೊಟ್ಟಳು. ಅವರು ತಿಂದಮೇಲೆ ಹಗುರವಾಗಿ ಕೇಳಿದಳು:

"ಯಾವ ಗ್ವಾಡಿರಿ, ಮಾಸ್ತರ್ರ?"

"ನಮ್ಮಿಬ್ಬರ ಮನಿ ನಡುವಿನ ಗ್ವಾಡಿ ತಂಗಿ. ಅವ ನಂದಂದ, ನಾ ನಂದಂದೆ. ಅದರ ಸಲುವಾಗಿನ ಮಾತು ಬಿಟ್ಟದ್ದು."

"ಹೋಗಲಿ ಬಿಡ್ರಿ. ಈಗ ಅದು ನಿಮ್ಮದ ಆತಲ್ಲ."

ಮಾಸ್ತರರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು.

"ಎಲ್ಲಿಂದು ತಂಗಿ. ಅದು ಮಳ್ಯಾಗ ಬಿದ್ದು ಹನ್ನೆರಡು ವರ್ಷ ಆತು. ತಿರುಗಿ ಯಾರು ಕಟ್ಟಬೇಕು ಅಂತ ಕೇಳೋಣಂದ್ರ ನಮಗ ಮಾತು ಇರಲಿಲ್ಲ ನೋಡು."